ಭತ್ತ ನೆನೆದ ನೀರು, ಆಮಿನಾಳ ಬಾವಿ

ಮೂಡುಬಿದಿರೆಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಇಸ್ತ್ರಿ ಅಂಗಡಿ ಇದೆ. ಕಳೆದ ವಾರ ಅದರ ಮುಂದೆ ಹೋಗುತ್ತಿದ್ದಾಗ ಅಂಗಡಿಯವನು ಪೆಟ್ಟಿಗೆಗೆ ತೆಂಗಿನ ಗೆರಟೆಯ ಕೆಂಡ ತುಂಬುತ್ತಿದ್ದ. ಆ ಸುಟ್ಟ ವಾಸನೆ ಬಡಿದದ್ದೇ ತಡ, ನನ್ನ ಕಾಲು ನಿಂತುಬಿಟ್ಟಿತು. ಕೈಯಲ್ಲಿ ಬಸಳೆಯ ಕಟ್ಟು, ನೆತ್ತಿಯ ಮೇಲೆ ಬಿಸಿಲು, ಹಿಂದಿನಿಂದ ಕಾಲೇಜು ಮಕ್ಕಳ ದಂಡು. "ಆಂಟಿ, ಸ್ವಲ್ಪ ಬದಿಗೆ" ಎಂದು ಒಬ್ಬಳು ಹೇಳುವವರೆಗೂ ನಿಂತೇ ಇದ್ದೆ. ಗೆರಟೆ ಸುಟ್ಟ ವಾಸನೆಗೆ ಬೇರೆಯವರಿಗೆ ಬಚ್ಚಲಿನ ಹಂಡೆ ನೆನಪಾಗಬಹುದು. ನನಗೆ ನೆನಪಾದದ್ದು ನಮ್ಮ ಮಿಲ್ಲಿನ ಹಿಂದೆ ಮುಖವೆಲ್ಲ ಮಸಿ ಮಾಡಿಕೊಂಡು ಓಡಾಡಿದ ಒಂದು ಬೇಸಿಗೆ. ಆ ತಿಂಗಳುಗಳಲ್ಲಿ ನಾನು ಬಿಸಿ ಚಹಾವನ್ನು ಬಿಸಿಯಾಗಿಯೇ ಕುಡಿದು ಮುಗಿಸಿದ್ದು ನೆನಪಿಲ್ಲ.

ನಮ್ಮದು ಬಂಟ್ವಾಳದ ಕಡೆಗೆ ಹೋಗುವ ರಸ್ತೆಯಲ್ಲಿ, ಪೇಟೆ ಮುಗಿದು ಗುಡ್ಡ ಶುರುವಾಗುವಲ್ಲಿ, ಒಂದು ಸಣ್ಣ ಅಕ್ಕಿ ಮಿಲ್ಲು. ಕುಚ್ಚಲಕ್ಕಿ ಮಾಡುವುದು. ಭತ್ತವನ್ನು ಬಿಸಿನೀರಿನ ತೊಟ್ಟಿಯಲ್ಲಿ ನೆನೆಸಿ, ಹಬೆಯಲ್ಲಿ ಬೇಯಿಸಿ, ಒಣಗಿಸಿ, ಆಮೇಲೆ ಮಿಲ್ಲಿಗೆ ಹಾಕಬೇಕು. ನೆನೆಸಿದ ನೀರನ್ನು ಹೊರಗೆ ಬಿಡಲೇಬೇಕು. ಬಿಡುವಾಗ ಅದು ಹಾಲು ಹಾಕದ ಚಹಾದ ಬಣ್ಣದಲ್ಲಿರುತ್ತದೆ. ಒಂದು ದಿನ ನಿಂತರೆ ಹುಳಿ ವಾಸನೆ, ಇನ್ನೂ ನಿಂತರೆ ಹೇಳಲಾಗದ ವಾಸನೆ. ಮಾವನವರ ಕಾಲದಲ್ಲಿ ತೊಟ್ಟಿ ಚಿಕ್ಕದಿತ್ತು. ಹಿಂದಿನ ಗುಂಡಿಗೆ ಬಿಟ್ಟ ನೀರನ್ನು ನೆಲ ಸದ್ದಿಲ್ಲದೆ ಕುಡಿಯುತ್ತಿತ್ತು. ಇವರು ತೊಟ್ಟಿಯನ್ನು ದೊಡ್ಡದು ಮಾಡಿಸಿದರು, ಗುಂಡಿ ಮಾತ್ರ ಹಾಗೆಯೇ ಉಳಿಯಿತು. ನಮ್ಮ ಕಡೆಯ ಮುರಕಲ್ಲು ಹೊರಗಿನಿಂದ ಗಟ್ಟಿ, ಒಳಗೆಲ್ಲ ತೂತು. ಗುಂಡಿಯಿಂದ ಕೆಳಗೆ, ಇಳಿಜಾರಿನಲ್ಲಿ, ಆಮಿನಾಳ ಮನೆ. ಅಂಗಳದ ಮೂಲೆಯಲ್ಲಿ ಅವಳ ಬಾವಿ.

ನಾನು ಮದುವೆಯಾಗಿ ಈ ಮನೆಗೆ ಬಂದ ವರ್ಷವೇ ಅವಳೂ ಅಲ್ಲಿಗೆ ಸೊಸೆಯಾಗಿ ಬಂದವಳು. ಗಂಡ ಗಲ್ಫಿನಲ್ಲಿ. ಒಬ್ಬಳೇ ಮಗಳು ಶಾಹಿದಾಳನ್ನು ಬೆಳ್ತಂಗಡಿಗೆ ಕೊಟ್ಟಿದ್ದಳು. ನಮ್ಮಿಬ್ಬರ ನಡುವೆ ಒಂದು ಗಿಡ್ಡ ಪಾಗಾರದ ಗೋಡೆ. ಅದರ ಮೇಲಿನಿಂದ ಇತ್ತ ಪತ್ರೊಡೆಯೂ ಅತ್ತ ತುಪ್ಪದನ್ನವೂ ದಾಟಿದ್ದಕ್ಕೆ ಲೆಕ್ಕವಿಲ್ಲ. ಆ ಬೇಸಿಗೆಯ ಹಿಂದಿನ ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವಳು ಪಾಗಾರ ಸುತ್ತಿ, ಗೇಟಿನಿಂದ, ಕೊಡ ಹಿಡಿದುಕೊಂಡು ಬಂದಳು.

"ಅಕ್ಕ, ನಿಮ್ಮ ನಳ್ಳಿಯಿಂದ ಒಂದು ಕೊಡ ನೀರು ತೆಗೊಳ್ತೇನೆ."

"ತೆಗೋ. ಬಾವಿಗೆ ಎಂತಾಯ್ತು?"

ಅವಳು ನಮ್ಮ ಮಿಲ್ಲಿನ ಮಾಡಿನ ಕಡೆಗೆ ಒಮ್ಮೆ ನೋಡಿದಳು. "ಬಾವಿಗೆ ಎಂತಾಗುವುದು? ಬಾವಿ ಅಲ್ಲಿಯೇ ಉಂಟು."

ಇಷ್ಟೇ. ಆಮೇಲೆ ದಿನವೂ ಬಂದಳು, ದಿನವೂ ಗೇಟಿನಿಂದಲೇ. ನಳ್ಳಿಯ ಕೆಳಗೆ ಕೊಡ ತುಂಬುವ ಸದ್ದು ಏರುತ್ತಾ ಹೋಗುವಾಗ ನನಗೆ ಅಡುಗೆಮನೆಯಲ್ಲಿ ನಿಲ್ಲಲಾಗುತ್ತಿರಲಿಲ್ಲ. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದೆ. ಗುಂಡಿಯ ನೀರು ಅವಳ ಬಾವಿಗೆ ಇಳಿದಿರಬೇಕೆಂದು ಇವರಿಗೆ ಹೇಳಿದೆ.

"ಅದು ಅಕ್ಕಿಯ ನೀರು ಮಾರಾಯ್ತಿ, ವಿಷ ಅಲ್ಲ," ಎಂದರು ಇವರು.

"ಅಕ್ಕಿಯ ನೀರಾದರೆ ನಮ್ಮ ಬಾವಿಗೆ ಬಿಡುವ."

ನಾನು ಕಾನ್ವೆಂಟಿನಲ್ಲಿ ಕಲಿತವಳು. ದನಿ ಏರಿಸದೆ ಮಾತಾಡುವುದನ್ನು ಸಿಸ್ಟರುಗಳು ಎಷ್ಟು ಚೆನ್ನಾಗಿ ಕಲಿಸಿದ್ದರೆಂದರೆ ಜಗಳ ಮಾಡಿದರೂ ಅದು ಜಗಳವೆಂದು ಎದುರಿನವರಿಗೆ ತಿಳಿಯುತ್ತಿರಲಿಲ್ಲ. ಇವರು ಪೇಪರು ಮಡಚಿ ಎದ್ದು ಹೋದರು.

ನಮ್ಮ ಮಹಡಿಯ ಕೋಣೆಯಲ್ಲಿ ಬಾಡಿಗೆಗೆ ಇದ್ದವಳು ಶ್ರೀದೇವಿ, ಬಾಗಲಕೋಟೆ ಕಡೆಯ ಹುಡುಗಿ. ಇಲ್ಲಿಯ ಕಾಲೇಜಿನಲ್ಲಿ ಎಂಟೆಕ್ ಓದುತ್ತಿದ್ದಳು. ನಮ್ಮ ಕುಚ್ಚಲಕ್ಕಿಯನ್ನು "ಗುಂಡಿನಂಥಾ ಅಕ್ಕಿ" ಎಂದು ನಕ್ಕು, ಊರಿನಿಂದ ತಂದ ಜೋಳದ ರೊಟ್ಟಿಯನ್ನು ಡಬ್ಬಿಯಲ್ಲಿಟ್ಟು ಕಾಯುತ್ತಿದ್ದವಳು. ಒಂದು ಸಂಜೆ ಮೆಟ್ಟಿಲಿಳಿದು ಬಂದು, "ಆಂಟಿ, ನಿಮ್ಮ ಮಿಲ್ಲಿನ ಹೊಲಸು ನೀರು ನನಗ ಬೇಕಾಗೇದ್ರಿ" ಎಂದಳು.

ನನಗೆ ನಗು ಬಂತು. ಆ ನೀರು ಬೇಡ ಎನ್ನುವವರನ್ನೇ ನೋಡಿದ್ದೆ.

"ಯಾಕ್ರಿ ನಗ್ತೀರಿ? ನನ್ನ ಪ್ರಾಜೆಕ್ಟೇ ಅದರಿ. ಲ್ಯಾಬಿನ್ಯಾಗ ಬಣ್ಣದ ಪುಡಿ ಕಲಸಿ ಹೊಲಸು ನೀರು ಮಾಡ್ಕೊಂಡು ಕುಂತೀವಿ. ಇಲ್ಲಿ ನೋಡಿದ್ರ ಖರೇ ಹೊಲಸು ಹಿತ್ತಲದಾಗ ನಿಂತದ."

ಹೀಗೆ ಶುರುವಾಯಿತು. ಅವಳು ಲ್ಯಾಬಿನಿಂದ ಒಂದು ಬಿಳಿ ಕೊಳವೆ ತಂದಳು. ಒಳಗೆ ಸೇಮಿಗೆಯ ಕಟ್ಟಿನ ಹಾಗೆ ನೂರಾರು ಟೊಳ್ಳು ಎಳೆಗಳು. ಅದೇ ಮೆಂಬ್ರೇನ್. ಎಳೆಗಳ ಗೋಡೆಯಲ್ಲಿ ಕಣ್ಣಿಗೆ ಕಾಣದ ತೂತುಗಳಿರುತ್ತವೆ, ಪಂಪಿನಿಂದ ಒತ್ತಿದರೆ ನೀರು ದಾಟುತ್ತದೆ, ಕೊಳೆ ಈಚೆಗೇ ನಿಲ್ಲುತ್ತದೆ ಎಂದು ವಿವರಿಸಿದಳು. ಮೊದಲ ದಿನ ಪಂಪು ಹಾಕಿದಾಗ ಸ್ವಲ್ಪ ಹೊತ್ತು ತಿಳಿನೀರು ಬಂತು, ಆಮೇಲೆ ಹನಿ, ಆಮೇಲೆ ಅದೂ ಇಲ್ಲ. ಕೊಳವೆ ಬಿಚ್ಚಿ ನೋಡಿದರೆ ಎಳೆಗಳ ಮೇಲೆಲ್ಲ ಗಂಜಿಯ ಕೆನೆಯಂಥದ್ದು ಮೆತ್ತಿತ್ತು.

"ಇದು ತಿಳಿ ಬಸಿಯದೆ ಗಂಜಿಯನ್ನೇ ಚಹಾದ ಸೋಸಣಿಗೆಗೆ ಹೊಯ್ದ ಹಾಗಾಯ್ತಲ್ಲ" ಎಂದೆ.

"ಕರೆಕ್ಟ್ ಅದರಿ ಆಂಟಿ. ಮೊದಲ ಬಸೀಬೇಕು."

ಬಸಿಯಲು ನುಗ್ಗೆಯ ಬೀಜ. ಒಣಗಿದ ಬೀಜದ ಪುಡಿಯನ್ನು ನೀರಿನಲ್ಲಿ ಕದಡಿ ಬಿಟ್ಟರೆ ಗಂಜಿಯೆಲ್ಲ ಮೊಸರಿನ ಹಾಗೆ ಗಂಟುಗಂಟಾಗಿ ತಳಕ್ಕಿಳಿಯುತ್ತದೆ. ಬಣ್ಣ, ವಾಸನೆ ಎಳೆದುಕೊಳ್ಳಲು ಇದ್ದಿಲು. ಅಡಿಕೆ ಸಿಪ್ಪೆಯ ಇದ್ದಿಲು ಚೆನ್ನಾಗಿ ಎಳೆಯುತ್ತದಂತೆ, ಅವಳ ಸರ್ ಹೇಳಿದ್ದರು. ಅಡಿಕೆ ಸಿಪ್ಪೆಗೆ ನಮಗೇನು ಬರವೇ? ನನ್ನ ತವರು ವಿಟ್ಲ. ತಮ್ಮನಿಗೆ ಫೋನ್ ಮಾಡಿದ್ದಕ್ಕೆ ಪಿಕಪ್ಪಿನಲ್ಲಿ ಸಿಪ್ಪೆ ತುಂಬಿ ಕಳಿಸಿದ. "ಅಕ್ಕ, ಇಷ್ಟು ವರ್ಷದಲ್ಲಿ ತವರಿನಿಂದ ನೀನು ಬಾಯಿ ಬಿಟ್ಟು ಕೇಳಿದ್ದು ಇದೊಂದೇ, ಅದೂ ಸಿಪ್ಪೆ" ಎಂದು ತಮಾಷೆ ಮಾಡಿದ. ಹಳೆಯ ಡ್ರಮ್ಮಿನಲ್ಲಿ ಗಾಳಿಯಾಡದ ಹಾಗೆ ಸುಟ್ಟೆವು, ನನ್ನ ಹಳೆಯ ಗ್ರೈಂಡರಿನಲ್ಲಿ ಪುಡಿ ಮಾಡಿದೆವು. ಹೊಸ ಗ್ರೈಂಡರಿಗೂ ಅದರ ಮಸಿ ಹೇಗೋ ತಾಗಿತ್ತೆಂದು ಕಾಣುತ್ತದೆ. ಮರುದಿನ ಇವರು ಇಡ್ಲಿಯನ್ನು ತಿರುಗಿಸಿ ನೋಡಿ, "ಇದಕ್ಕೆ ಎಂತ ಹಾಕಿದ್ದಿ, ರಾಗಿಯಾ?" ಎಂದರು.

"ಶ್ರೀದೇವಿಯ ಪ್ರಾಜೆಕ್ಟು" ಎಂದೆ. ತಿಂದರು.

ಈ ನಡುವೆ ಶಾಹಿದಾಳಿಗೆ ಏಳು ತಿಂಗಳು ತುಂಬಿತು. ಚೊಚ್ಚಲ ಬಸುರಿಯನ್ನು ತಾಯಿಯ ಮನೆಗೆ ಕರೆತರುವ ಹೊತ್ತು. ಆಮಿನಾ ಬೆಳ್ತಂಗಡಿಗೆ ಹೊಸ ಸೀರೆಯುಟ್ಟು ಹೋದವಳು ಸಂಜೆ ಒಬ್ಬಳೇ ಬಸ್ಸಿನಿಂದ ಇಳಿದಳು. ನಾನು ಗೇಟಿನ ಹತ್ತಿರವೇ ಇದ್ದೆ. ಚಪ್ಪಲಿಯ ಧೂಳು ಕೊಡವುತ್ತಾ, ನನ್ನ ಮುಖ ನೋಡದೆ ಹೇಳಿದಳು: "ಅವಳ ಅತ್ತೆ ಬಿಡುವುದಿಲ್ಲ ಅಕ್ಕ. ಆ ನೀರಿನಲ್ಲಿ ಬಾಣಂತನ ಮಾಡ್ತೀಯಾ, ಮಗುವನ್ನು ಅದರಲ್ಲಿ ಮೀಯಿಸ್ತೀಯಾ ಅಂತ ಎಲ್ಲರ ಎದುರು ಕೇಳಿದರು. ಬಾವಿ ಸರಿಯಾದರೆ ನೋಡುವ ಅಂದರು."

"ನಮ್ಮ ನಳ್ಳಿ ನೀರು ಉಂಟಲ್ಲ ಆಮಿನಾ..."

"ನಲವತ್ತು ದಿನದ ಬಾಣಂತಿಗೆ ಬೇರೆಯವರ ನಳ್ಳಿಯಿಂದ ಹಂಡೆ ತುಂಬಿಸುವುದಾ? ನಾನು ತುಂಬಿಸಿಯೇನು. ಅವರು ಕಳಿಸಬೇಕಲ್ಲ."

ಅವಳ ಹಿತ್ತಲಿನ ಹಗ್ಗದಲ್ಲಿ ಹಳೆಯ ಮೆತ್ತನೆಯ ಬಟ್ಟೆಗಳು ಒಣಗುತ್ತಿದ್ದವು. ಗಂಡನ ಸವೆದ ಲುಂಗಿಗಳನ್ನು ಮಗುವಿಗೆಂದು ಹರಿದು, ಅಂಚು ಹೊಲಿದು, ಒಗೆದು ಹಾಕಿದ್ದಳು. ಒಗೆದದ್ದು ನಮ್ಮ ನಳ್ಳಿಯ ನೀರಿನಲ್ಲಿ. ಮಾರನೆಯ ದಿನ ಆ ಹಗ್ಗ ಬರಿದಾಗಿತ್ತು.

ಏಪ್ರಿಲಿನ ಹೊತ್ತಿಗೆ ನಮ್ಮ ಕೊಳವೆಯಿಂದ ನೀರು ಬಂತು. ನುಗ್ಗೆ ಬೀಜ, ಇದ್ದಿಲಿನ ಡ್ರಮ್ಮು, ಮೆಂಬ್ರೇನ್ ಮೂರನ್ನೂ ದಾಟಿ ಬಂದ ನೀರು. ಗಾಜಿನ ಲೋಟದಲ್ಲಿ ಹಿಡಿದರೆ ಲೋಟದ ಆಚೆ ಶ್ರೀದೇವಿಯ ಬೆರಳ ಉಗುರು ಕಾಣುತ್ತಿತ್ತು. ವಾಸನೆಯಿಲ್ಲ, ಬಣ್ಣವಿಲ್ಲ. ಇವರೂ ಬಂದು ನೋಡಿ, ತಲೆ ಕೆರೆದುಕೊಂಡು, "ಪರವಾಗಿಲ್ಲ ಮಾರಾಯ್ತಿ" ಎಂದರು. ನಾನು ಲೋಟವನ್ನು ಪಾಗಾರದ ಮೇಲಿಟ್ಟು ಆಮಿನಾಳನ್ನು ಕರೆದು, "ಇನ್ನು ಗುಂಡಿಗೆ ಬಿಡುವುದು ಈ ನೀರನ್ನೇ" ಎಂದೆ.

ಅವಳು ಲೋಟವನ್ನು ಮುಟ್ಟಲಿಲ್ಲ. "ಚಂದ ಉಂಟು. ಅಂಗಡಿಯ ಲೈಟಿನಲ್ಲಿ ಎಲ್ಲ ಸೀರೆಯೂ ಚಂದವೇ. ನನ್ನ ಬಾವಿಯ ಮೀನು ಕೊಡ್ತೇನೆ. ಅದು ಇದರಲ್ಲಿ ಬದುಕಿದರೆ ನಾನು ನಂಬ್ತೇನೆ. ನಂಬಿದ ಮೇಲೆ ಬೆಳ್ತಂಗಡಿಗೆ ಫೋನ್ ಮಾಡ್ತೇನೆ" ಎಂದಳು.

ನಮ್ಮ ಕಡೆ ಬಾವಿಗೆ ಮೀನು ಬಿಡುವುದುಂಟು, ಸೊಳ್ಳೆಯ ಮರಿ ತಿನ್ನಲಿ ಎಂದು. ಬಾವಿ ಕೆಟ್ಟಾಗ ಅವಳು ತನ್ನ ಮೀನುಗಳನ್ನು ಬಾಲ್ದಿಯಲ್ಲಿ ಎತ್ತಿ ಸಿಮೆಂಟಿನ ತೊಟ್ಟಿಯಲ್ಲಿ ಸಾಕಿದ್ದಳು. ಅದರಲ್ಲಿ ನಾಲ್ಕನ್ನು ಉಗ್ಗವೆಂಬ ಸಣ್ಣ ಪಾತ್ರೆಯಲ್ಲಿ ತಂದು ನಮ್ಮ ಟಬ್ಬಿಗೆ ತಾನೇ ಬಿಟ್ಟಳು. ಅವು ಮೂಲೆಗೆ ಹೋಗಿ ನಿಂತವು, ಆಮೇಲೆ ಸುತ್ತತೊಡಗಿದವು. ನಾನು ಅಡುಗೆಯ ನಡುನಡುವೆ ಓಡಿಬಂದು ನೋಡುತ್ತಿದ್ದೆ. ಸಾರಿನಲ್ಲಿ ಉಪ್ಪು ಎರಡು ಸಲ ಬಿತ್ತು.

ಬೆಳಿಗ್ಗೆ ನಾಲ್ಕೂ ಬೆಳ್ಳಗೆ ಮೇಲೆ ತೇಲುತ್ತಿದ್ದವು.

ಶ್ರೀದೇವಿ ಟಬ್ಬಿನ ಹತ್ತಿರ ಕುಕ್ಕರಗಾಲಿನಲ್ಲಿ ಕುಳಿತವಳು ಏಳಲೇ ಇಲ್ಲ. "ಹುಳಿ ಹೋಗೇದ, ವಾಸನಿ ಹೋಗೇದ, ಉಸಿರಾಡಾಕ ಗಾಳಿನೂ ಅದರಾಗ ಬೇಕಾದಷ್ಟು ಅದರಿ. ಮತ್ತ ಯಾಕ ಸತ್ತವು?" ಎಂದು ತನ್ನಷ್ಟಕ್ಕೇ ಕೇಳಿಕೊಳ್ಳುತ್ತಿದ್ದಳು.

ಇವರು ಹೇಳಿದರು, "ಸಾಕು ಇನ್ನು. ಒಂದು ದೊಡ್ಡ ಮಳೆ ಬರಲಿ. ಗುಂಡಿ ಒಡೆದು ಮಳೆನೀರಿನ ತೋಡಿಗೆ ಬಿಟ್ಟರೆ ಹೋಗ್ತದೆ. ಎಲ್ಲರೂ ಮಳೆಗಾಲಕ್ಕೆ ಕಾದು ಅದನ್ನೇ ಮಾಡುವುದು."

"ಹಾಗಾದರೆ ಮೀನು ಸತ್ತದ್ದನ್ನು ಆಮಿನಾಗೆ ನೀವೇ ಹೇಳಿ ಬನ್ನಿ."

ಇವರು ಚಪ್ಪಲಿ ಮೆಟ್ಟಿದರು. ಅಂಗಳದ ನಡುವಿನವರೆಗೆ ಹೋದರು. ಮಿಲ್ಲಿನಲ್ಲಿ ಯಾರೋ ಕರೆದರೆಂದು ಆ ಕಡೆ ತಿರುಗಿದರು. ಯಾರೂ ಕರೆದಿರಲಿಲ್ಲ.

ನಾನೇ ಹೋದೆ. ಗೇಟಿನಿಂದಲೇ ಹೋದೆ. ಆಮಿನಾ ಜಗಲಿಯಲ್ಲಿ ಕುಳಿತು ಮೆಂತೆ ಆರಿಸುತ್ತಿದ್ದಳು, ಮಗಳ ಬಾಣಂತನಕ್ಕೆಂದು ತಂದದ್ದು. ಹೇಳಿದೆ. ಅವಳ ಬೆರಳು ಮೆಂತೆಯ ಮೇಲೆ ನಿಂತಿತು.

"ಮೀನಿನಲ್ಲೇ ಮುಗಿಯಿತಲ್ಲ. ಮಗುವಿಗೆ ಹೊಯ್ದಿರಲಿಲ್ಲ" ಎಂದಳು. ನಂತರ ಮೊರವನ್ನು ಒಳಗೆ ತೆಗೆದುಕೊಂಡು ಹೋದಳು. ಹೊರಗೆ ಬರಲಿಲ್ಲ.

ಆ ವಾರ ನಾನು ಮನೆಯಲ್ಲೆಲ್ಲ ಸುಮ್ಮನೆ ನಡೆದೆ. ಕಿಟಕಿಯ ಪರದೆ ತೆಗೆದೆ, ಹಾಕಿದೆ. ಮಧ್ಯಾಹ್ನದ ಸೆಕೆಯಲ್ಲಿ ಗುಡ್ಡದ ಆಚೆ ಮೋಡ ಕಟ್ಟಿ ಗುಡುಗು ಕೇಳಿದರೆ ಹಿತ್ತಲಿಗೆ ಓಡುತ್ತಿದ್ದೆ: ಗುಂಡಿಯಲ್ಲಿ ಎಷ್ಟಿದೆ? ಇವರು ಹಾರೆ ತೆಗೆದುಕೊಂಡರೇ? ಒಂದು ದಿನ ಹಾಗೆಯೇ ಓಡಾಡುತ್ತಾ ಶೆಡ್ಡಿಗೆ ಹೋದೆ, ಉಳಿದ ಸಿಪ್ಪೆಯ ಚೀಲವನ್ನು ಮಳೆ ಬೀಳದ ಕಡೆಗೆ ಎಳೆದಿಡಲು. ಚೀಲದ ಬಾಯಿ ಬಿಚ್ಚಿ ಸಿಪ್ಪೆ ಚೆಲ್ಲಿತು. ತೊಟ್ಟಿನ ಹತ್ತಿರದ ಮಡಿಕೆಗಳಲ್ಲಿ ತೆಳ್ಳಗೆ ನೀಲಿ ಬೆರೆತ ಬಿಳುಪು ಹತ್ತಿಕೊಂಡಿತ್ತು.

ಆ ನೀಲಿ ನನಗೆ ಗೊತ್ತು. ಸಣ್ಣವಳಿದ್ದಾಗ, ಮಳೆ ಸ್ವಲ್ಪ ಬಿಟ್ಟ ದಿನ, ವಿಟ್ಲದ ತೋಟದ ದಾರಿಯಲ್ಲಿ ಶಾಲೆಗೆ ಹೊರಟಿದ್ದೆ. ಮರದ ತುದಿಯಲ್ಲಿ ಆಳು ಅಡಿಕೆಗೆ ಮದ್ದು ಬಿಡುತ್ತಿದ್ದ. ನನ್ನ ಬಿಳಿ ಯೂನಿಫಾರ್ಮಿನ ಮೇಲೆ ನೀಲಿ ಹನಿಗಳು ಬಿದ್ದವು. ಶಾಯಿ ಚೆಲ್ಲಿಕೊಂಡು ಬಂದವಳೆಂದು ಸಿಸ್ಟರ್ ನನ್ನನ್ನು ಪ್ರಾರ್ಥನೆ ಮುಗಿಯುವವರೆಗೆ ಕಂಬದ ಹತ್ತಿರ ನಿಲ್ಲಿಸಿದ್ದರು. ಎಷ್ಟು ಒಗೆದರೂ ಕಲೆ ಪೂರ್ತಿ ಹೋಗಲಿಲ್ಲ.

ಒಂದು ಸಿಪ್ಪೆ ಹಿಡಿದುಕೊಂಡು ಮಹಡಿ ಹತ್ತಿದೆ. ಇವರೂ ಹಿಂದಿನಿಂದ ಬಂದರು.

"ಅಡಿಕಿ ಗಿಡಕ್ಕ ಏನ್ ಹೊಡಿತಾರ್ರಿ ನಿಮ್ಮ ಕಡೆ?" ಶ್ರೀದೇವಿ ಸಿಪ್ಪೆಯನ್ನು ಬೆಳಕಿಗೆ ಹಿಡಿದು ಕೇಳಿದಳು.

"ಮೈಲುತುತ್ತು, ಸುಣ್ಣ. ಕೊಳೆರೋಗ ಬರಬಾರದಲ್ಲ," ಎಂದರು ಇವರು. "ಮಳೆಗಾಲದಲ್ಲಿ ಎರಡು ಮೂರು ಸಲ ಬಿಡ್ತಾರೆ. ಅದು ಎಲ್ಲರಿಗೂ ಗೊತ್ತುಂಟಲ್ಲ."

"ಎಲ್ಲರಿಗೂ ಗೊತ್ತು, ನನಗೊಬ್ಬಾಕಿಗೆ ಯಾರೂ ಹೇಳ್ಲಿಲ್ಲಲ್ರೀ ಅಂಕಲ್!" ಅವಳು ಹಣೆ ಬಡಿದುಕೊಂಡಳು. "ಮೈಲುತುತ್ತು ಅಂದ್ರ ತಾಮ್ರರಿ. ಸುಟ್ಟರೂ ತಾಮ್ರ ಎಲ್ಲಿ ಹೋಗ್ತದ? ಇದ್ದಿಲದಾಗ ಕುಂತಿತ್ತು. ನಿಮ್ಮ ಹುಳಿ ನೀರು ಹೋಗಿ ಅದನ್ನ ಎಬ್ಬಿಸಿ ಕರಕೊಂಡು ಬಂತು. ಕರಗಿದ ತಾಮ್ರ ಮೆಂಬ್ರೇನಿನ ತೂತಿನ್ಯಾಗ ಆರಾಮ ಪಾರಾಗ್ತದ. ಮೀನಿಗೆ ಅದು ಚೂರಿದ್ರೂ ಸಾಕ್ರಿ."

ಕಾಲೇಜಿನ ಲ್ಯಾಬಿನಲ್ಲಿ ಆ ನೀರನ್ನು ಪರೀಕ್ಷಿಸಿದಾಗಲೂ ತಾಮ್ರವೇ ಸಿಕ್ಕಿತು. ಮೂರು ತಲೆಮಾರಿನಿಂದ ಅಡಿಕೆ ಬೆಳೆದ ಮನೆಯ ಮಗಳು ನಾನು; ಪಿಕಪ್ಪು ತುಂಬಿಸಿ ಕಳಿಸಿದ ತಮ್ಮ ಸ್ವತಃ ಮದ್ದು ಕದಡುವವನು. ನಮಗೆ ಅದು ಮರಕ್ಕೆ ಕೊಟ್ಟದ್ದು, ಅಲ್ಲಿಗೆ ಮುಗಿಯಿತು. ಸಿಪ್ಪೆಯ ಜೊತೆ ಅದೂ ಪಿಕಪ್ಪು ಹತ್ತಿ ಬರುತ್ತದೆಂದು ಯಾರ ಮನಸ್ಸಿಗೂ ಹೊಳೆಯಲಿಲ್ಲ.

ಇವರು ಆ ದಿನ ಬಹಳ ಹೊತ್ತು ಮಿಲ್ಲಿನ ಬಾಗಿಲಲ್ಲಿ ನಿಂತಿದ್ದರು. ಆಮೇಲೆ ಆಳುಗಳಿಗೆ ಹೇಳಿದ್ದು ನನಗೆ ಅಡುಗೆಮನೆಗೇ ಕೇಳಿಸಿತು: "ನಾಳೆಯಿಂದ ತೊಟ್ಟಿಗೆ ಭತ್ತ ಹಾಕುವುದು ಬೇಡ. ಇದು ಸರಿಯಾಗಲಿ." ಮಿಲ್ಲು ನಿಂತಿತು. ಮದುವೆಯಾದಾಗಿನಿಂದ ಕೇಳುತ್ತಿದ್ದ ಸದ್ದು ಇಲ್ಲವಾಗಿ ಮನೆಯ ಗಡಿಯಾರಗಳೆಲ್ಲ ಜೋರಾಗಿ ಬಡಿಯತೊಡಗಿದವು.

ಈ ಸಲ ತೆಂಗಿನ ಗೆರಟೆ. ತೆಂಗಿಗೆ ನಮ್ಮಲ್ಲಿ ಯಾರೂ ಮೈಲುತುತ್ತು ಹೊಡೆಯುವುದಿಲ್ಲ. ಆದರೆ ಡ್ರಮ್ಮು ತುಂಬುವಷ್ಟು ಗೆರಟೆ ಒಂದು ಮನೆಯಲ್ಲಿ ಎಲ್ಲಿರುತ್ತದೆ? ಶ್ರೀದೇವಿಯ ಸ್ಕೂಟಿಯ ಹಿಂದೆ ಕುಳಿತು ಮನೆ ಮನೆಗೆ ಹೋದೆ. "ಬಚ್ಚಲಿಗೆ ಸೌದೆ ಇಲ್ವಾ ನಿಮಗೆ?" ಎಂದು ಕೇಳಿದವರುಂಟು. ಹೋಟೆಲಿನವರು ಚೀಲಗಟ್ಟಲೆ ಕೊಟ್ಟರು. ಒಂದು ಬೆಳಿಗ್ಗೆ ಶೆಡ್ಡಿನ ಹತ್ತಿರ ದಡ್ಡೆಂದು ಏನೋ ಬಿದ್ದ ಸದ್ದು. ಹೋಗಿ ನೋಡಿದರೆ ಪಾಗಾರದ ಈಚೆ ಒಂದು ಗೋಣಿ, ತುಂಬ ಗೆರಟೆ. ಆಚೆ ಆಮಿನಾ ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದಳು.

"ಹಂಡೆ ಕಾಯಿಸಲು ಇಟ್ಟದ್ದು," ಎಂದಳು. "ಮಗಳು ಬರದಿದ್ದರೆ ನನಗೆ ಎಂತಕ್ಕೆ ಅದು?"

ನಾನು ಏನಾದರೂ ಹೇಳುವ ಮೊದಲೇ ಹೋಗಿಬಿಟ್ಟಳು. ಆದರೆ ಆ ಮಧ್ಯಾಹ್ನ, ನಾನೂ ಶ್ರೀದೇವಿಯೂ ಡ್ರಮ್ಮಿನ ಮುಚ್ಚಳಕ್ಕೆ ಮಣ್ಣು ಮೆತ್ತುತ್ತಿರುವಾಗ ಮತ್ತೆ ಪಾಗಾರದ ಹತ್ತಿರ ಬಂದು, "ಅಷ್ಟು ಹೊಗೆ ಬಿಟ್ಟರೆ ಬೂದಿಯಾಗ್ತದೆ, ಕರಿ ಆಗುವುದಿಲ್ಲ. ಆ ಬದಿ ಮುಚ್ಚಿ" ಎಂದಳು. ಮಾತು ಮೊದಲಾಗಲು ಅಷ್ಟು ಸಾಕಾಯಿತು.

ಗುಂಡಿಯ ಹಳೆಯ ನೀರನ್ನೇ ಕೊಡ ಕೊಡವಾಗಿ ಎತ್ತಿ ದಾಟಿಸಿದೆವು. ಆಮಿನಾ ಮತ್ತೆ ಮೀನು ಬಿಟ್ಟಳು. ಈ ಸಲ ಅವು ಬದುಕಿದವು, ಎಷ್ಟೋ ದಿನದ ನಂತರವೂ ಬದುಕಿದ್ದವು. ಗುಂಡಿ ಬರಿದಾದ ಮೇಲೆ ಇವರು ಅದಕ್ಕೆ ಮಣ್ಣು ತುಂಬಿಸಿದರು, ಸೋಸಿದ ನೀರನ್ನು ಮುಂದಿನ ಭತ್ತ ನೆನೆಸಲು ತಿರುಗಿ ತೊಟ್ಟಿಗೇ ಬಿಡುವಂತೆ ಪೈಪು ಹಾಕಿಸಿದರು. ಆಮಿನಾಳ ಬಾವಿಯನ್ನು ಪಂಪಿಟ್ಟು ಬರಿದು ಮಾಡಿಸಿದರು, ತುಂಬಿದ ಮೇಲೆ ಮತ್ತೆ ಬರಿದು ಮಾಡಿಸಿದರು. ಕೆಳಗಿಳಿದು ಕೆಸರು ಎತ್ತಿದವರಿಗೆ ಚಹಾ ಕೊಡಲು ಇವರೇ ಹೋಗಿದ್ದರು. ಅಷ್ಟಾದರೂ ಮೇ ತಿಂಗಳಲ್ಲಿ ಆ ನೀರಿಗೆ ಎಲ್ಲೋ ಸ್ವಲ್ಪ, ಗಮನವಿಟ್ಟರೆ ಮಾತ್ರ ತಿಳಿಯುವಷ್ಟು, ಹಳೆಯ ಹುಳಿ ಉಳಿದಿತ್ತು. ಕಲ್ಲಿನೊಳಗೆ ಹೋದದ್ದು ಒಂದೇ ದಿನದಲ್ಲಿ ಬರುವುದಿಲ್ಲ ಎಂದಳು ಶ್ರೀದೇವಿ.

ಅದೇ ಹೊತ್ತಿಗೆ ಶಾಹಿದಾಳ ಅತ್ತೆ ನೋಡಲು ಬಂದರು. ದಪ್ಪ ಕನ್ನಡಕದ, ಕೋಲಿನಂತೆ ನೆಟ್ಟಗಿನ ಹೆಂಗಸು. ಚೀಲದಲ್ಲಿ ಬೆಳ್ತಂಗಡಿಯಿಂದಲೇ ಬಾಟಲಿಯಲ್ಲಿ ನೀರು ತಂದಿದ್ದರು. ಆಮಿನಾ ಮಾಡಿದ ಶರಬತ್ತನ್ನು ಮುಟ್ಟಲಿಲ್ಲ. ಬಾವಿಯಿಂದ ತಾವೇ ನೀರು ಸೇದಿ, ಅಂಗೈಯಲ್ಲಿ ಹಿಡಿದು, ಬಾಯಿಗೆ ಹಾಕಿ ಉಗಿದರು.

"ಈಗ ಬೇಡ," ಎಂದರು. "ಮಳೆ ಬಂದ ಮೇಲೆ ಇನ್ನೊಮ್ಮೆ ಬರ್ತೇನೆ."

ಆಮಿನಾ ಅವರನ್ನು ಬಸ್ಸಿಗೆ ಬಿಟ್ಟು ಬಂದು ಶರಬತ್ತನ್ನು ತೆಂಗಿನ ಬುಡಕ್ಕೆ ಚೆಲ್ಲಿದಳು. "ಅವರ ಮಾತು ತಪ್ಪಲ್ಲ ಅಕ್ಕ, ಅದೇ ನನಗೆ ಹೊಟ್ಟೆ ಉರಿಯುವುದು" ಎಂದಳು.

ಮಳೆ ಹಿಡಿಯಿತು. ಹಿಂದಿನ ವರ್ಷಗಳಲ್ಲಿ ಮೊದಲ ಮಳೆಗೆ ಬಟ್ಟೆ ಎತ್ತಲು ಓಡುತ್ತಿದ್ದವಳು ಆ ವರ್ಷ ಕೊಡೆ ಹಿಡಿದು ಆಮಿನಾಳ ಬಾವಿಕಟ್ಟೆಗೆ ಓಡಿದೆ. ನೀರು ಸುತ್ತು ಸುತ್ತಾಗಿ ಮೇಲೆ ಬಂತು, ಕೆಂಪಾಗಿ, ಆಮೇಲೆ ತಿಳಿಯಾಗಿ. ಶಾಹಿದಾಳಿಗೆ ಮಂಗಳೂರಿನ ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು. ಆಸ್ಪತ್ರೆಯಿಂದ ಬಿಡುವ ಮುನ್ನಾದಿನ, ಜಡಿ ಮಳೆಯಲ್ಲಿ, ಆ ಅತ್ತೆ ಮತ್ತೆ ಬಂದರು. ಈ ಸಲ ಸೇದಿದ ನೀರನ್ನು ಉಗಿಯಲಿಲ್ಲ. ನುಂಗಿದರು. ಸ್ವಲ್ಪ ಹೊತ್ತು ಬಾವಿಯೊಳಗೆ ಬಗ್ಗಿ ನೋಡಿದರು. ತಮ್ಮ ಬಾಟಲಿಯಲ್ಲಿದ್ದ ನೀರನ್ನು ಅಂಗಳಕ್ಕೆ ಚೆಲ್ಲಿ, ಅದರಲ್ಲಿ ಬಾವಿಯ ನೀರು ತುಂಬಿಸಿಕೊಂಡರು. "ನಾಳೆ ಕಾರು ಇಲ್ಲಿಗೇ ಬರ್ತದೆ. ಮಗು ಮೀಯಿಸುವವರನ್ನು ಹೇಳಿ ಇಟ್ಟಿದ್ದೀಯಾ?" ಎಂದರು.

"ನಾನೇ ಮೀಯಿಸುವುದು," ಎಂದಳು ಆಮಿನಾ.

ಎರಡು ದಿನ ಬಿಟ್ಟು ಅವಳು ನನ್ನನ್ನು ಕರೆದಳು, ಪಾಗಾರದ ಮೇಲಿನಿಂದ. ಬಚ್ಚಲು ಹಬೆಯಿಂದ ತುಂಬಿತ್ತು. ಆಮಿನಾ ಕಾಲು ಚಾಚಿ ಕುಳಿತು, ಎಣ್ಣೆ ಹಚ್ಚಿದ ಮಗುವನ್ನು ಮೊಣಕಾಲುಗಳ ಮೇಲೆ ಮಲಗಿಸಿಕೊಂಡಿದ್ದಳು. ಬಾಗಿಲಲ್ಲಿ ಶಾಹಿದಾ, ತಲೆಗೆ ಬಟ್ಟೆ ಕಟ್ಟಿಕೊಂಡು. ಎರಡೂ ಕೈ ಮಗುವಿನ ಮೇಲಿದ್ದುದರಿಂದ ಆಮಿನಾಳಿಗೆ ನೀರು ಹೊಯ್ಯಲು ಒಬ್ಬರು ಬೇಕಿತ್ತು.

"ಚೆಂಬು ತೆಗೊಳ್ಳಿ ಅಕ್ಕ. ಹದ ನಾನು ನೋಡಿ ಆಗಿದೆ."

ನಾನು ಹಂಡೆಯಿಂದ ಚೆಂಬು ತುಂಬಿದೆ. ಮಗು ಮುಷ್ಟಿ ಬಿಗಿದು ಕಾಯುತ್ತಿತ್ತು. ಹೊಯ್ಯಲು ಬಗ್ಗಿದವಳ ಕೈ, ನನಗೇ ಗೊತ್ತಿಲ್ಲದೆ, ಚೆಂಬನ್ನು ಮೊದಲು ನನ್ನ ಮೂಗಿನ ಹತ್ತಿರ ತಂದಿತು.

ಆಮಿನಾ ನೋಡಿದಳು. ಶಾಹಿದಾಳೂ ನೋಡಿದಳು. ನನಗೆ ಹಬೆಯಲ್ಲಿ ಕರಗಿ ಹೋಗುವ ಹಾಗಾಯಿತು.

"ಎಂತ ಅಕ್ಕ ಮೂಸುವುದು? ಬೆಳಿಗ್ಗೆಯಿಂದ ನಾನು ಎಷ್ಟು ಸಲ ಮೂಸಿದ್ದೇನೆ ಅಂತ ನನಗೇ ಗೊತ್ತಿಲ್ಲ," ಎಂದು ಆಮಿನಾ ನಕ್ಕಳು. "ನಾಳೆಯೂ ಮೂಸುವ, ಇಬ್ಬರೂ ಒಟ್ಟಿಗೆ. ಈಗ ಹೊಯ್ಯಿರಿ, ಮಗುವಿಗೆ ಚಳಿಯಾಗ್ತದೆ."

ಹೊಯ್ದೆ.